ಅಂಟಿಕೊಂಡ ರಬ್ಬರು

ಜೂನ್ 12, ಗುರುವಾರ. ಬೆಳಿಗ್ಗೆ

ಮತ್ತೆ ಅದೇ ಡೇರೆ, ಅದೇ ಕರಿ ವಾಸನೆ. ಟೈರುಗಳಿಗೆಲ್ಲ ಕರೆಂಟಿನ ಕಂಬಳಿ ಹೊದಿಸಿ, ಬೆಚ್ಚಗೆ ಮಲಗಿಸಿ ಬಂದೆ. ನನ್ನ ಹೋಟೆಲಿನ ಕಂಬಳಿ ಮಾತ್ರ ಮೊಣಕಾಲಿಗೇ ಮುಗಿಯುತ್ತದೆ. ಮುಂದಿನ ಜನ್ಮ ಅಂತಿದ್ದರೆ ರೇಸ್ ಟೈರಾಗಿ ಹುಟ್ಟಬೇಕು. ಆಯುಷ್ಯ ಒಂದು ಗಂಟೆಯೂ ಇಲ್ಲ... ಆದರೆ ಉಪಚಾರ ಏನು!

ದೊಡ್ಡವರು ಮೀಟಿಂಗ್ ಕರೆದರು — ನಮ್ಮ ಟೈರು ಕಂಪನಿಯ ರೇಸ್ ವಿಭಾಗದ ಮುಖ್ಯಸ್ಥರು. ಇಪ್ಪತ್ತೂ ಕಾರಿಗೆ ಟೈರು ಕೊಡುವವರು ನಾವೊಬ್ಬರೇ. ಮುಂದಿನ ವರ್ಷದಿಂದ ನಾವೋ, ಬಾಗಿಲಲ್ಲಿ ಕಾದು ನಿಂತಿರುವ ಇನ್ನೊಂದು ಕಂಪನಿಯೋ — ಸೋಮವಾರ ತಂಡಗಳ ವೋಟು. "ಈ ವಾರ ನಮ್ಮ ಟೈರು ಸದ್ದು ಮಾಡ್ಬಾರ್ದು," ಎಂದರು. ಪಂಕ್ಚರಾದರೆ ಉಸ್ಸೆನ್ನಲೂ ಬಾರದೇ? ಕೇಳಲಿಲ್ಲ.

ಜೂನ್ 13, ಶುಕ್ರವಾರ. ಸಂಜೆ

ಪ್ರಾಕ್ಟೀಸ್ ಮುಗಿಯಿತು. ಗೂಳಿ ಗಟ್ಟಿ ಟೈರಿನಲ್ಲಿ ಸುತ್ತಿನ ಮೇಲೆ ಸುತ್ತು, ಉದ್ದಕ್ಕೆ ಓಡಿಸಿದ. ನಾನು ನೋಡಿಕೊಳ್ಳುವ ತಂಡದ ಡ್ರೈವರ್; ಮುಂದೆ ಕಾರು ಕಂಡರೆ ಕೊಂಬು ಇಳಿಸುವ ಹುಡುಗ. ಟೈರಿನ ಮೈಮೇಲಿನ ಸಣ್ಣ ತೂತುಗಳಿಗೆ ಸೂಜಿ ಇಳಿಸಿ ಎಷ್ಟು ರಬ್ಬರು ಉಳಿದಿದೆ ಎಂದು ನೋಡಿದೆ. ಸವೆತ ಕಡಿಮೆ. ತುಂಬಾ ಕಡಿಮೆ. ತಂಡದ ಪ್ಲಾನ್ ಹಾಕುವ ಗಣಿತ ಮೇಷ್ಟ್ರು ಕುಣಿಯುವುದೊಂದು ಬಾಕಿ.

"ಒಂದೇ ಸಲ ಟೈರು ಬದಲಾಯ್ಸಿದ್ರೆ ಸಾಕು ಸಾರ್! ಗೆದ್ವಿ ಅಂದ್ಕೊಳ್ಳಿ."

"ನೀವು ಅಂದ್ಕೊಳ್ಳಿ. ನಾನು ಮಲ್ಕೊಳ್ತೀನಿ."

ಟಯರಿನವನು ಟಯರ್ಡ್. ಹಳೇ ಜೋಕು. ಅದೂ ಸವೆದಿದೆ.

ಜೂನ್ 14, ಶನಿವಾರ. ಮಧ್ಯಾಹ್ನ

ಹಲ್ಲುಜ್ಜುವಾಗ ಹೊಳೆಯಿತು. ಗೂಳಿ ಕೊನೆಯ ಸುತ್ತನ್ನು ನಿಧಾನಕ್ಕೆ, ಟ್ರ್ಯಾಕಿನ ಅಂಚಿನಲ್ಲೇ ಬರುತ್ತಾನೆ. ಅಲ್ಲಿ ಎಲ್ಲರ ಟೈರಿನಿಂದ ಉದುರಿದ ರಬ್ಬರ್ ಚೂರು. ಬಿಸಿ ಟೈರಿಗೆ ಕಚ್ಚಿಕೊಳ್ಳುತ್ತದೆ. ರೇಸ್ ಮುಗಿದಾಗ ಎಲ್ಲರೂ ಮಾಡುವುದೇ — ತೂಕ ಹಾಕುವಾಗ ಕಾರು ಹಗುರವಾಗದಿರಲಿ ಎಂದು. ಈ ಪುಣ್ಯಾತ್ಮ ಪ್ರಾಕ್ಟೀಸಿನಲ್ಲೂ ಬಿಡುವುದಿಲ್ಲ. ಅಳೆಯುವ ಮುಂಚೆ ಬಿಸಿಗಾಳಿ ಊದಿ ಅದನ್ನೆಲ್ಲ ಕೆರೆದು ತೆಗೆಯಬೇಕು. ನಿನ್ನೆ ಎಡ ಹಿಂದಿನ ಟೈರಿನ ಒಳ ಅಂಚು ಕೆರೆದಿರಲಿಲ್ಲ. ಬೆನ್ನು ಬಗ್ಗಲಿಲ್ಲ, ಬಿಟ್ಟೆ. ಊರವರ ರಬ್ಬರು ಅಳೆದು ನಮ್ಮ ಟೈರಿನ ಆಯುಷ್ಯ ಹೇಳಿದ್ದೇನೆ!

ಓಡಿದೆ. ಕೆರೆದೆ. ಅಡಿಯಲ್ಲಿ ನಮ್ಮ ರಬ್ಬರು ಉಳಿದದ್ದು ಈರುಳ್ಳಿ ಸಿಪ್ಪೆಯಷ್ಟು.

ಉದ್ದಕ್ಕೆ ಓಡಿಸಿದ್ದು ಗೂಳಿ ಒಬ್ಬನೇ. ಹಾಗಾಗಿ ನನ್ನ ಅಂಕಿಯೇ ಇಪ್ಪತ್ತೂ ಕಾರಿಗೆ ಹೋಗಿದೆ. ಇಲ್ಲಿನ ದೊಡ್ಡ ಬಲ ತಿರುವಿನಲ್ಲಿ ಎಡ ಹಿಂದಿನದು ಒಡೆದರೆ... ಎದುರಿಗೇ ಗೋಡೆ.

ಸಂಜೆ

ದೊಡ್ಡವರಿಗೆ ಹೇಳಿದೆ.

"ಅಂದ್ರೆ ನಮ್ಮ ಟೈರು ಬಾಳಲ್ಲ ಅಂತ ನಾವೇ ಡಂಗುರ ಹೊಡೀಬೇಕಾ? ವೋಟಿಗೆ ಮುಂಚೆ?"

"ಅಳತೆ ತಪ್ಪಿದ್ದು ನಾನು ಅನ್ನೋಣ ಸರ್."

"ಅದು ಇನ್ನೂ ಚೆನ್ನ! ಟೈರೂ ಸರಿಯಿಲ್ಲ, ಅಳೆಯೋನೂ ಸರಿಯಿಲ್ಲ. ನಾಳೆ ಒಂದು ದಿನ ಕಳೀಲಪ್ಪ."

ಅತ್ತ ದರಿ, ಇತ್ತ ಪುಲಿ. ಮಧ್ಯೆ ಟೈರು ಬದಲಿಸುವ ಪಿಟ್ ಲೇನ್.

ಹೆಂಡತಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡಳು. "ಟೈರಿನ ಮೇಲಿರೋ ಹೆಸರು ಕಂಪನೀದು ಸರಿ. ಒಳಗೆ ಕೂತಿರೋನು ಯಾರ ಮಗ?" ಇಟ್ಟೇಬಿಟ್ಟಳು. ಇವಳು ಗಾಳಿ ತುಂಬುವವಳಲ್ಲ. ಸೀದಾ ಸೂಜಿ.

ಜೂನ್ 15, ಭಾನುವಾರ. ಬೆಳಿಗ್ಗೆ

ಕಳಿಸಿದೆ. ಎಲ್ಲ ತಂಡಗಳಿಗೂ, ದೊಡ್ಡವರನ್ನು ಕೇಳದೆ, ನನ್ನ ಹೆಸರಿನಲ್ಲೇ — ಶುಕ್ರವಾರದ ಅಂಕಿ ತಪ್ಪು, ಗಟ್ಟಿ ಟೈರನ್ನು ಇಪ್ಪತ್ತೆರಡು ಸುತ್ತಿನ ಮೇಲೆ ಓಡಿಸಬೇಡಿ.

ಗಣಿತ ಮೇಷ್ಟ್ರು ಲ್ಯಾಪ್‌ಟಾಪ್ ಮುಚ್ಚಿದರು. "ಸಾರ್, ನೀವು ಮಲಗಿದ್ರೇ ವಾಸಿ ಇತ್ತು."

ಸಂಜೆ

ಎಲ್ಲರೂ ಟೈರು ಬದಲಿಸಲು ಎರಡೆರಡು ಸಲ ಒಳಗೆ ಬಂದರು. ರೇಸೋ, ಬಸ್ ಸ್ಟ್ಯಾಂಡೋ! ಜನ ಕೂಗಿದ್ದು ನಮ್ಮ ಕಂಪನಿಯ ಹೆಸರು, ಹೊಗಳಿಕೆಗಲ್ಲ. ಎಲ್ಲರಿಗಿಂತ ಮುಂದಿದ್ದ ಗೂಳಿ ಎರಡನೇ ಸಲ ಬಂದಾಗ ಚಕ್ರದ ನಟ್ಟು ಸಿಕ್ಕಿಕೊಂಡಿತು. ನಾಲ್ಕನೆಯವನಾದ.

ಹೆಲ್ಮೆಟ್ ಹಿಡಿದೇ ಡೇರೆಗೆ ನುಗ್ಗಿದ. "ಏನ್ ಸಾರ್, ಕೈಗೆ ಬಂದಿದ್ದನ್ನ ಕೆರೆದು ಹಾಕಿದ್ರಲ್ಲ! ಟೈರು ಚೆನ್ನಾಗೇ ಇತ್ತು. ಓಡ್ಸೋನಿಗೆ ಗೊತ್ತಾಗಲ್ವಾ?"

ಅವನು ಬಿಚ್ಚಿಸಿದ ಎಡ ಹಿಂದಿನ ಟೈರು ಅಲ್ಲೇ ಇತ್ತು. ಈ ಸಲ ಪೂರ್ತಿ ಕೆರೆದಿದ್ದೆ. ಅವನ ಬೆರಳು ಹಿಡಿದು ಒಳ ಅಂಚಿಗೆ ಇಟ್ಟೆ. ರಬ್ಬರು ಮುಗಿದು ಅಡಿಯ ದಾರ ಎದ್ದಿತ್ತು.

"ಇನ್ನೆಷ್ಟು ಬರ್ತಿತ್ತು?"

"ಒಂದು ಸುತ್ತು. ಇಲ್ಲ, ಅದೂ ಇಲ್ಲ."

ಬೆರಳು ತೆಗೆಯಲಿಲ್ಲ. ಆಮೇಲೆ ನೆಲದ ಮೇಲೇ ಕೂತ. ನೀರು ಕೇಳಿದ. ನನ್ನ ನಾಲಿಗೆ ತುದಿಗೆ ಒಂದು ಜೋಕು ಬಂದಿತ್ತು, ನುಂಗಿದೆ.

ಜೂನ್ 17, ಮಂಗಳವಾರ

ನಿನ್ನೆ ಬರೆಯಲಿಲ್ಲ. ವೋಟು ಮುಗಿದಿದೆ. ಏನಾಯಿತೆಂದು ಯಾರೂ ಹೇಳುತ್ತಿಲ್ಲ. ಟೈರು ಕೂರಿಸುವ ನಮ್ಮ ಫಿಟರ್‌ಗಳು ನನ್ನನ್ನು ಕಂಡು ಮಾತು ನಿಲ್ಲಿಸಿದರು — ಅದೇ ಫಲಿತಾಂಶ.

ಡೇರೆ ಕಳಚುತ್ತಿದ್ದಾರೆ. ಬೆನ್ನು ನೋವು. ಯೋಚಿಸಿದರೆ ತಲೆಯೂ.

ದೊಡ್ಡವರ ಫೋನ್ ಬರುತ್ತಿದೆ. ಎತ್ತಬೇಕು. ಬೈಯಲಿ. ಹೇಳುವುದಕ್ಕೆ ನನ್ನ ಹತ್ತಿರ ಇರುವುದು ಒಂದೇ ಲೆಕ್ಕ — ಸರ್, ಇಪ್ಪತ್ತು ಮಂದಿ ಹೊರಟಿದ್ದರು, ಇಪ್ಪತ್ತು ಮಂದಿಯೂ ವಾಪಸ್ ಬಂದರು.