ಕೊಳವೆಯ ಹಿಮ ಕರಗಿತ್ತು

ಚಿಕ್ಕಮ್ಮಾ,

ಈ ಪರವೂರಿನಲ್ಲಿ ನಾನು ಸದ್ಯಕ್ಕೆ ಕ್ಷೇಮ. ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಹರಳೊಂದನ್ನು ಹಿಮಕ್ಕಿಂತ ಎಷ್ಟೋ ತಣ್ಣಗಿನ ದ್ರವ ಹೀಲಿಯಂ ಪಾತ್ರೆಯಲ್ಲಿ ಇಳಿಬಿಟ್ಟು ಅದರ ಶಾಖ ಅಳೆಯುವುದು ನಮ್ಮ ಪ್ರಯೋಗಾಲಯದ ಕೆಲಸ. ಹರಳಿನೊಳಗೆ ಕಣ್ಣಿಗೆ ಕಾಣದ ಅಯಸ್ಕಾಂತಗಳು ಒಂಟಿ ಸಾಲಿನಲ್ಲಿ ನಿಂತಿರುತ್ತವೆ. ಎಷ್ಟೇ ತಣ್ಣಗೆ ಮಾಡಿದರೂ ನಡುವೆ ಯಾವುದೋ ಒಂದು ತಿರುಗಿಬೀಳುತ್ತದೆ, ಅದರ ಆಚೆಯವೂ ತಿರುಗುತ್ತವೆ. ಎಲ್ಲವೂ ಒಂದೇ ಕಡೆ ಮುಖ ಮಾಡುವುದೇ ಇಲ್ಲ. ಹಾಗಾಗಿ ಗ್ರಾಫಿನಲ್ಲಿ ಶಾಖದ ಗೆರೆ ಮೆಲ್ಲಗೆ ಉಬ್ಬಿ ಇಳಿಯಬೇಕು. ಇವತ್ತು ಸೂಜಿಯಂತೆ ನೆಟ್ಟಗೆ ಎದ್ದಿತು.

"ಹೊಸದು ಕಣಮ್ಮ ಇದು!" ಎಂದು ನಮ್ಮ ಮೇಷ್ಟ್ರು ಕುಣಿದಾಡಿದರು. ನಾನು ಆ ಗೆರೆಯನ್ನು ಮತ್ತೊಮ್ಮೆ ನೋಡಿದೆ. ಒಂಟಿ ಸಾಲು ಹಾಗೆ ಮಾಡಲಾರದು. ಹೊರಗಿನ ಗಾಳಿ ಪಾತ್ರೆಯೊಳಗೆ ನುಗ್ಗಿ ಹೆಪ್ಪುಗಟ್ಟಿರಬೇಕು. ಆವಿ ಹೊರಹೋಗುವ ಕೊಳವೆಯ ಮೇಲೆ ಸದಾ ಹಿಮ ಕಟ್ಟಿರುತ್ತದೆ. ಮುಟ್ಟಿ ನೋಡಿದೆ, ಹಿಮ ಕರಗಿ ಬೆಚ್ಚಗಿತ್ತು; ತಣ್ಣನೆಯ ಆವಿ ಹೊರಬರುವುದೇ ನಿಂತಿತ್ತು. ಸೀಟಿ ಕಟ್ಟಿಕೊಂಡು ಇನ್ನೇನು ಸಿಡಿಯಲಿರುವ ಕುಕ್ಕರಿನಂತೆ ಅಂದುಕೋ, ಆದರೆ ಈ ಪಾತ್ರೆ ನನಗಿಂತ ಎತ್ತರ.

"ಸರ್, ಬಾಯಿ ಕಟ್ಕೊಂಡಿದೆ, ಹೊರಗೆ ಬನ್ನಿ!" ಎಂದು ಕಿರುಚಿದೆ. ಎಲ್ಲರೂ ಓಡಿಬಂದೆವು. ಮೇಷ್ಟ್ರು ಮಾತ್ರ "ಗ್ರಾಫ್ ತಗೊಂಡು ಬಂದೆ, ಒಂದ್ನಿಮಿಷ" ಎಂದು ಮತ್ತೆ ಒಳಗೆ ಹೋದರು.

ನನ್ನ ಶೀತ ವಾಸಿಯಾಗಿದೆ, ನೀನು ಹೆಣೆದ ಸ್ವೆಟರು ಮೈಮೇಲಿದೆ. ಇದನ್ನು ಅಮ್ಮನಿಗೆ ಓದಿ ಹೇಳಬೇಡ. ರಸ್ತೆಯಂಚಿನಲ್ಲಿ ನಾವೆಲ್ಲ ಸಾಲಾಗಿ ನಿಂತಿದ್ದೇವೆ. ಒಬ್ಬರೂ ಆಚೀಚೆ ತಿರುಗುತ್ತಿಲ್ಲ. ಎಲ್ಲರ ಮುಖವೂ ಮೇಷ್ಟ್ರು ಒಳಹೋದ ಆ ಬಾಗಿಲ ಕಡೆಗೇ ಇದೆ.

ನಿನ್ನ ಪುಟ್ಟಿ