ಕೆಂಚನ ಉಗುರು

ಅರಕಲಗೂಡು
9-1-2025, ಗುರುವಾರ

ಭವ್ಯಶ್ರೀಯ ತಾತನವರಿಗೆ ನಮಸ್ಕಾರ.

ಕಣ್ಣು ಹೇಗಿದೆ? ಪೊರೆ ತೆಗೆದ ಕಣ್ಣಿಗೆ ನೀರು ತಾಗಿಸಬೇಡಿ. ಗೊರೂರಿನ ಅಣೆಕಟ್ಟೆ ಗಾಳಿಯಲ್ಲಿ ತಲೆಗೆ ಟವೆಲು ಸುತ್ತದೆ ತಿರುಗಬೇಡಿ. ಸೊಸೆ ಹೊತ್ತಿಗೆ ಸರಿಯಾಗಿ ಔಷಧಿ ಹನಿ ಹಾಕುತ್ತಿದ್ದಾಳೆ ಎಂದು ಮಗ ಅನಿಲ ಫೋನಿನಲ್ಲಿ ಹೇಳಿದ. ನಾನು ಜೊತೆಗಿದ್ದಿದ್ದರೆ ಹನಿಯ ಜೊತೆ ನಾಲ್ಕು ಮಾತೂ ಬೀಳುತ್ತಿದ್ದವು, ಅಷ್ಟು ನಿಮಗೆ ಲಾಭ. ಫೋನಿದ್ದೂ ಕಾಗದ ಯಾಕೆ ಎನ್ನುತ್ತೀರಿ. ಬೆಕ್ಕಿನ ಮಾತು ತೆಗೆದ ಕೂಡಲೇ ಮಗನ ಕ್ವಾರ್ಟರ್ಸಿನಲ್ಲಿ ನಿಮಗೆ ಸಿಗ್ನಲ್ ಹೋಗುತ್ತದೆ. ಕಾಗದಕ್ಕೆ ಆ ರೋಗವಿಲ್ಲ. ಭವ್ಯಾ, ನೀನು ಓದುವಾಗ ತಾತ ನಡುವೆ ಎದ್ದರೆ ಪಂಚೆ ಹಿಡಿದು ಕೂರಿಸು. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು, ನಿಮ್ಮಜ್ಜಿ ಕಲಿತದ್ದು ಮೂರನೇ ಕ್ಲಾಸು.

ನಿಮ್ಮ ಕೆಂಚನ ವಿಷಯಕ್ಕೆ ಬರುತ್ತೇನೆ. ನೀವು ಹೋದಾಗಿನಿಂದ ಆ ಗಂಡುಬೆಕ್ಕು ಮನೆಯಲ್ಲಿ ನಿಂತಿಲ್ಲ. ಊಟ ನಮ್ಮಲ್ಲಿ, ನಿದ್ದೆ ಪಕ್ಕದ ದಾಕ್ಷಾಯಣಮ್ಮನ ಅಟ್ಟದಲ್ಲಿ, ಮಿಕ್ಕಿದ ಕೆಲಸ ಅವರು ಪೂಜೆಗೆ ಹೂ ಬಿಡಿಸುವ ಕಾಕಡದ ಬುಡದಲ್ಲಿ. ಒಳಗೆ ಇರಿಸಿಕೊಳ್ಳೋಣ ಎಂದಾಗೆಲ್ಲ ನೀವು, “ಬೆಕ್ಕನ್ನ ಕಟ್ಟಾಕಕ್ಕಾಯ್ತದಾ, ಅದೇನ್ ಎಮ್ಮೇನಾ?” ಎಂದು ನಕ್ಕಿರಿ. ಬೀಜ ಒಡೆಸಿದರೆ ಬೇರೆ ಗಂಡುಬೆಕ್ಕುಗಳ ಜೊತೆ ಕಚ್ಚಾಟ ಕಡಿಮೆಯಾಗುತ್ತದೆ ಎಂದರೆ, “ಅದುಕ್ಕೂ ಒಂದ್ ಮಾನ ಅದೆ ಕಣಮ್ಮಿ” ಎಂದು ಮುಖ ಸಪ್ಪೆ ಮಾಡಿಕೊಂಡಿರಿ. ಕತ್ತರಿ ಬೀಳಬೇಕಿದ್ದುದು ನಿಮಗಲ್ಲ, ಬೆಕ್ಕಿಗೆ. ಮೀನಿನ ತಲೆಗಳನ್ನು ಎರಡು ಮನೆಗಳ ನಡುವಿನ ಗೋಡೆಯ ಮೇಲಿಟ್ಟು ಮಗನನ್ನು ಕೂಗುವ ಹಾಗೆ ಅದನ್ನು ಕೂಗುತ್ತಿದ್ದವರೂ ನೀವೇ. ಗೋಡೆಯ ಆ ಕಡೆಯವರು ಮೀನು ಮೂಸದ ಜನ. ನೀವು ಹೇಳಿಹೋದಿರಿ ಎಂದು ನಾನೂ ಅಲ್ಲೇ ಇಡುತ್ತಿದ್ದೆ, ನನ್ನ ಬುದ್ಧಿಗೂ ಒಂದಿಷ್ಟು ಮಣ್ಣು ಹಾಕಿ.

ಸೋಮವಾರ ಬೆಳಿಗ್ಗೆ ದಾಕ್ಷಾಯಣಮ್ಮನ ಯಜಮಾನರು ರುದ್ರಯ್ಯನವರು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದರಂತೆ. ನಿಮ್ಮ ಕೆಂಚ ಕಿಟಕಿಯಿಂದ ಇಳಿದು, ಬಾಯಲ್ಲಿದ್ದ ಮೀನಿನ ತಲೆಯನ್ನು ವಿಭೂತಿ ತಟ್ಟೆಯ ಪಕ್ಕದಲ್ಲಿ ಇಟ್ಟುಕೊಂಡು ತಿನ್ನಲು ಕೂತಿದೆ. ಗಂಡ ಕಣ್ಣು ಬಿಟ್ಟರೆ ಅವತ್ತೆಲ್ಲ ಉಪವಾಸ, ಮಗ ಸಿದ್ದೇಶ ಕಂಡರೆ ಬೀದಿಯಲ್ಲಿ ಜಗಳ. ಹೋದ ತಿಂಗಳೇ ಅವನು ನಮ್ಮ ಬಾಗಿಲಲ್ಲಿ ನಿಂತು, “ದೊಡ್ಡವ್ವಾ, ಇನ್ನೊಂದ್ ಕಿತ ಒಳೀಕ್ ಬಂದ್ರೆ ಗೋಣಿಚೀಲಕ್ಕಾಕ್ಕೊಂಡು ಒಳೆ ಆಚೆ ಬುಟ್ಬತ್ತೀನಿ” ಎಂದಿದ್ದ. ಹಾಗಾಗಿ ಆ ಹೆಂಗಸು ಸದ್ದು ಮಾಡದೆ ಬೆಕ್ಕಿನ ಕುತ್ತಿಗೆಗೇ ಕೈ ಹಾಕಿದ್ದಾಳೆ. ಅದು ಮಣಿಕಟ್ಟಿನಿಂದ ಮೊಣಕೈವರೆಗೆ ಪರಚಿ, ಹೆಬ್ಬೆರಳಿನ ಬುಡ ಕಚ್ಚಿ ಹಾರಿಹೋಗಿದೆ. ದಾಕ್ಷಾಯಣಮ್ಮ ಮೀನಿನ ತಲೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ತಿಪ್ಪೆಗೆ ಹಾಕಿ, ನೆಲ ಒರೆಸಿ, ಇನ್ನೊಮ್ಮೆ ಸ್ನಾನ ಮಾಡಿದ್ದಾಳೆ. ರುದ್ರಯ್ಯನವರು ಪೂಜೆ ಮುಗಿಸಿ ಎದ್ದು ರೊಟ್ಟಿ ತಿಂದರಂತೆ.

ನನಗೆ ಆಗ ಇದೊಂದೂ ಗೊತ್ತಿರಲಿಲ್ಲ. ದಿನಾ ಸಂಜೆ ನಮ್ಮ ಜಗಲಿಗೆ ಬಂದು ಕೂರುವವಳು ಅವತ್ತು ಬರಲಿಲ್ಲ, ಮಾರನೇ ದಿನವೂ ಇಲ್ಲ. ಬೆಕ್ಕಿನ ದೆಸೆಯಿಂದ ಮುನಿಸಿಕೊಂಡಳು ಎಂದುಕೊಂಡು ನಿನ್ನೆ ಒಂದು ಮೊರ ಸೊಗಡು ಅವರೆಕಾಯಿ ಎತ್ತಿಕೊಂಡು ನಾನೇ ಹೋದೆ. ಎಡಗೈ ಸೆರಗಿನೊಳಗೆ ಇಟ್ಟುಕೊಂಡು ಒಂದೇ ಕೈಯಲ್ಲಿ ಕಾಯಿ ಸುಲಿಯುತ್ತಿದ್ದಾಳೆ. ಹಲ್ಲಿನಲ್ಲಿ ಸಿಪ್ಪೆ ಕಚ್ಚಿ ಎಳೆಯುತ್ತಿದ್ದಾಳೆ. “ಏನಮ್ಮಿ, ಇನ್ನೊಂದ್ ಕೈನ ಸಂತೇಲಿ ಮಾರ್ಕೊಂಡ್ಯಾ?” ಎಂದೆ. ಸೆರಗು ಇನ್ನಷ್ಟು ಬಿಗಿ ಮಾಡಿಕೊಂಡಳು. ಸೆರಗು ಎಳೆದು ನೋಡಿದೆ. ಕೈ ಊದಿಕೊಂಡು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು, ಮೊದಲೇ ಸಕ್ಕರೆ ಕಾಯಿಲೆಯ ಮೈ. ಬರೀ ಅರಿಸಿನ ಮೆತ್ತಿಕೊಂಡಿದ್ದಾಳೆ. ಕೇಳಿ ಕೇಳಿ ಸೋಮವಾರದ್ದೆಲ್ಲ ಬಾಯಿ ಬಿಡಿಸಿದೆ. “ಯೋಳ್ಬೇಡ ಅನಸೂಯಕ್ಕ, ಸಿದ್ದೇಶ ನಿಮ್ ಮ್ಯಾಕೆ ಬೀಳ್ತಾನೆ” ಎಂದಳು.

ಸಕ್ಕರೆ ಕಾಯಿಲೆ ತೋರಿಸಿಕೊಂಡು ಬರುತ್ತೇವೆ ಎಂದು ರುದ್ರಯ್ಯನವರಿಗೆ ಹೇಳಿ ಆಗಲೇ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರು ಗಾಯ ತೊಳೆಸಿ, ಗಾಯದ ಸುತ್ತಲೂ ಮದ್ದು ಚುಚ್ಚಿ, ತೋಳಿಗೆ ಹುಚ್ಚುನಾಯಿ ಕಡಿತಕ್ಕೆ ಹಾಕುವ ಸೂಜಿ ಹಾಕಿ, ಎರಡು ದಿನ ತಡವಾಯಿತೆಂದು ಇಬ್ಬರಿಗೂ ಬೈದರು. ಇನ್ನೂ ಕೆಲವು ಸೂಜಿ ಬಾಕಿ ಇವೆ. ಕೆಂಚನನ್ನು ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ್ದೇನೆ, ಅದಕ್ಕೆ ಹುಚ್ಚು ಹಿಡಿಯುತ್ತದೋ ಎಂದು ಹತ್ತು ದಿನ ಕಣ್ಣಿಟ್ಟು ನೋಡಬೇಕಂತೆ. ಕಿಟಕಿಗೆ ಜಾಲರಿ ಹೊಡೆಸಿದೆ, ಅದರ ಕಕ್ಕಸಿಗೆ ಬೇಸಿನ್ನಿಗೆ ಮರಳು ತುಂಬಿಸಿಟ್ಟೆ, ಅನ್ನವೂ ಆ ಕೋಣೆಯಲ್ಲೇ. ಅದು ಬಾಗಿಲು ಪರಚಿಕೊಂಡು ಅರಚುತ್ತದೆ, ನಾನು ಈಚೆಯಿಂದ ಬೈಯುತ್ತೇನೆ. ಹತ್ತು ದಿನ ಸುಖವಾಗಿ ಕಳೆದರೆ ಪಶು ಆಸ್ಪತ್ರೆಗೆ ಒಯ್ದು ಸೂಜಿಯೂ ಹಾಕಿಸುತ್ತೇನೆ, ಬೀಜವೂ ಒಡೆಸುತ್ತೇನೆ. ನಿಮ್ಮ ಒಪ್ಪಿಗೆ ಕೇಳುತ್ತಿಲ್ಲ. ಆಮೇಲೂ ಅದರ ಓಡಾಟ ನಮ್ಮ ಹಿತ್ತಿಲಲ್ಲೇ, ನನ್ನ ಕಣ್ಣೆದುರಿಗೇ. ಗೋಡೆಯ ಮೇಲೆ ಇನ್ನು ಮೀನು ಕಂಡರೆ ನಿಮಗೂ ಅಲ್ಲೇ ಎಲೆ ಹಾಕುತ್ತೇನೆ.

ಮಗ ಸೊಸೆ ಚೆನ್ನಾಗಿರಲಿ. ಭವ್ಯಾಗೆ ಅಜ್ಜಿಯ ಮುತ್ತು.

ನಿಮ್ಮ ಮನೆಯಾಕೆ
ಅನಸೂಯ

ಈ ಕಾಗದ ಒಯ್ಯುವ ಹಾಲಿನ ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. “ಬೆಕ್ಕಿಗೆ ಇಂಜೆಕ್ಷನ್ ಆಗಿದ್ಯಾ ಅಜ್ಜಿ?” ಎಂದು ಡಾಕ್ಟರು ಕೇಳಿದರು. “ನಮ್ಮನೆಯೋರು ಕ್ಯಾಂಪಲ್ಲಿ ಆಕ್ಸವ್ರೆ ಸಾ” ಎಂದೆ. ಹೇಳಿದ ಮೇಲೆ ನನಗೇ ಅನುಮಾನ ಬಂತು. ಕ್ಯಾಂಪಿನ ದಿನ ಚೀಲದಲ್ಲಿ ಬೆಕ್ಕು ಹೊತ್ತು ಹೋದವರು ನಿಜವಾಗಿ ಹಾಕಿಸಿದಿರಾ, ಇಲ್ಲ ಸಾಲು ಉದ್ದ ಇದೆಯೆಂದು ಟೀ ಕುಡಿದು ವಾಪಸು ಬಂದಿರಾ? ಕಾಗದ ಮುಟ್ಟಿದ ಕೂಡಲೇ ಫೋನ್ ಮಾಡಿ. ಹಾಕಿಸಿಲ್ಲ ಎಂದರೂ ಬೈಯುವುದಿಲ್ಲ, ಆಣೆ. ಕೈಗೆ ಏನಾಯಿತು ಎಂದು ಸಿದ್ದೇಶ ಕೇಳಿದ್ದಕ್ಕೆ ದಾಕ್ಷಾಯಣಮ್ಮ ಕುಡುಗೋಲು ತಾಗಿತು ಎಂದಿದ್ದಾಳೆ. ಕೊರಳಲ್ಲಿ ಲಿಂಗ ಇಟ್ಟುಕೊಂಡು ಆ ಹೆಂಗಸು ಹೆತ್ತ ಮಗನಿಗೆ ನಮಗೋಸ್ಕರ ಸುಳ್ಳು ಹೇಳಿದ್ದಾಳೆ. ನೀವಾದರೂ ನಿಜ ಹೇಳಿ.