ಹದಿನೆಂಟು ಕಿಲೋ ಪ್ರಿಂಟರಿನ ಬದಲಿಗೆ

ವರ್ತೂರು,
14-11-2024, ಗುರುವಾರ

ಪ್ರೀತಿಯ ತಮ್ಮಾ ಭರಮಪ್ಪ,

ನಿನ್ನ ಅಂಗೈ ಗಾಯ ಮಾಗಿತೇ? ಪ್ರಿಂಟರಿನ ತಗಡು ಕುಯ್ದದ್ದು, ಮರೆಯದೆ ಸೂಜಿ ಹಾಕಿಸಿಕೊ. ಕಮಲಮ್ಮ ಚಿಕ್ಕಮ್ಮ ಅರಿಶಿನ ಮೆತ್ತಿ ಮುಗಿಸಲು ನೋಡಿದರೆ ಒಪ್ಪಬೇಡ. ಫೋನು ಬೇಡವೆಂದು ಬಸ್ಸಿನವರ ಕೈಲಿ ಕಾಗದ ಕಳಿಸುತ್ತಿದ್ದೇನೆ. ಮೇಸ್ತ್ರಿ ಇರಣ್ಣ ಪ್ರಜ್ಞೆ ಬಾರದೆ ಮೊನ್ನೆ ಆಸ್ಪತ್ರೆಯಲ್ಲಿ ಸತ್ತ. ಪೊಲೀಸರು ಹುಡುಕುತ್ತಿರುವುದು ನಿನ್ನನ್ನು.

ನನಗೆ ಎರಡು ಹಲ್ಲು ಹೋಗಿವೆ, ಎಡಗಣ್ಣು ಅರ್ಧ ತೆರೆಯುತ್ತದೆ. ಹಾಜರಿ ಹಾಳೆ ಬರೆದು ಅಚ್ಚು ಹಾಕಿಕೊಡುವ ಹೆಂಗಸಿಗೆ ಇಷ್ಟು ಪೆಟ್ಟು ಬೀಳುತ್ತದೆಂದು ಯಾರೂ ಹೇಳಿರಲಿಲ್ಲ. "ಭೀಮಪ್ಪ ಅವತ್ತು ಸೈಟಿಗೇ ಬಂದಿಲ್ಲಂತ ಹೊಸ ಹಾಳಿ ತೆಗಿ, ಚನ್ನಿ. ಅಕ್ಷರ ಕಲ್ತೀನಂತ ಧಿಮಾಕ ಮಾಡಬ್ಯಾಡ," ಅಂದ ಮೇಸ್ತ್ರಿ. ಒಂಬತ್ತನೇ ಮಹಡಿಯಿಂದ ಬಿದ್ದು ಸತ್ತವನ ಹೆಂಡತಿಗೆ ಪರಿಹಾರ ಸಿಗಬಾರದಲ್ಲ. "ಸತ್ತವ್ರಿಗೆ ನಾ ರಜಾ ಹಾಕಂಗಿಲ್ಲ, ಇರಣ್ಣ," ಅಂದೆ. ಅಷ್ಟಕ್ಕೇ ಜಡೆ ಹಿಡಿದು ಮೂರು ಸಲ ಮೇಜಿನ ಅಂಚಿಗೆ ಜಜ್ಜಿದ. ಊಟದ ತಟ್ಟೆ ಬಿಟ್ಟು ಬಂದ ನೀನು ವೈರಿನ ಸಮೇತ ಪ್ರಿಂಟರ್ ಎತ್ತಿ ಅವನ ನೆತ್ತಿಗೆ ಹಾಕಿದೆ. ಅವನು ಒದ್ದೆ ಮೂಟೆಯಂತೆ ಕುಸಿದ. ನೀನು ಬರಿಗಾಲಲ್ಲಿ ಹಿತ್ತಲಿಂದ ಓಡಿದೆ. ಹೊಸ ಕಾಗದದ ಕಟ್ಟು ರಕ್ತ ಕುಡಿದು ಉಬ್ಬಿಹೋಗಿತ್ತು.

ಠಾಣೆಯವರು ಬಂದು ಪ್ರಿಂಟರನ್ನು ಗೋಣಿಚೀಲಕ್ಕೆ ತುಂಬಿ ಅರಗಿನ ಮುದ್ರೆ ಒತ್ತಿದರು. ಆಮೇಲೆ ಒಬ್ಬ ಪೇದೆ, "ಅಕ್ಕ, ಮಹಜರು ಎರಡು ಕಾಪಿ ತೆಕ್ಕೊಡ್ತೀರಾ?" ಅಂದ. ನಾನು ಗೋಣಿಚೀಲ ತೋರಿಸಿದೆ. ಕೈಯಲ್ಲೇ ಬರೆದುಕೊಂಡ ಪಾಪ.

ಬದಲಿ ಯಂತ್ರಕ್ಕೆಂದು ಮಾರತ್ತಹಳ್ಳಿಗೆ ಹೋದೆ. ಅಂಗಡಿಯವನು ನನ್ನ ಮುಖ ನೋಡಿ ಮೊದಲು ಕುರ್ಚಿ ಕೊಟ್ಟ, ಆಮೇಲೆ ಶಾಯಿ ತುಂಬುವ ಮಾದರಿಯನ್ನು ಹೊಗಳಿದ. "ಅಗ್ಗ ಬೀಳುತ್ತೆ ಅಕ್ಕ, ಕಲರ್ ಬೇರೆ." ತಿಂಗಳುಗಟ್ಟಲೆ ಮುಚ್ಚಿಟ್ಟರೆ ಏನಾಗುತ್ತದೆ ಎಂದು ಕೇಳಿದೆ. ಶಾಯಿ ಒಣಗಿ ಕಟ್ಟಿಕೊಳ್ಳುತ್ತದಂತೆ. ಅದು ಬೇಡವೆಂದೆ. ಪುಡಿ ತುಂಬುವ ಲೇಸರನ್ನೇ ತಂದಿದ್ದೇನೆ, ಕಪ್ಪುಬಿಳುಪು. ನೀನು ಯಾವಾಗ ಬಂದು ಮುಟ್ಟಿದರೂ ಕೆಲಸ ಮಾಡುತ್ತದೆ. ಆಧಾರಿನ ಎರಡೂ ಬದಿ ಒಂದೇ ಹಾಳೆಗೆ ಬರಲು ಬೇರೆ ಗುಂಡಿಯಿದೆ, ಕಂಪ್ಯೂಟರ್ ಬೇಕಿಲ್ಲ. ಕಾಗದ ಸಿಕ್ಕಿಕೊಂಡರೆ ಹಿಂದಿನ ಬಾಗಿಲು ತೆಗೆದು ನಿಧಾನ ಎಳೆ. ನಿನ್ನ ಆತುರ ಅಲ್ಲಿ ತೋರಿಸಬೇಡ. ಭೀಮಪ್ಪನ ಹೆಂಡತಿ ಹನುಮವ್ವನ ಅರ್ಜಿಗೆ ಇನ್ನೂ ನಾಲ್ಕು ಪ್ರತಿ ಬೇಕು, ಮೊದಲು ಅದನ್ನು ಮಾಡು.

ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸು. ಹೊಟ್ಟೆ ತುಂಬ ಉಣ್ಣು, ತಮ್ಮಾ. ನಿನ್ನ ತಲೆ ಕಾಯಲಿ ಆ ದೇವರು.

ನಿನ್ನ ಅಕ್ಕ,
ಚನ್ನಕ್ಕ

ತಾ.ಕ.: ಬಸ್ಸು ಹೊರಡುತ್ತಿದೆ, ಚುಟುಕಾಗಿ ಬರೆಯುತ್ತೇನೆ. ನೀನು ಓಡಿದ ಮೇಲೆ ಇರಣ್ಣ ಎದ್ದು ಕೂತ. ಕಣ್ಣಿಗಿಳಿದ ರಕ್ತ ಒರೆಸಿಕೊಂಡು, ಭೀಮಪ್ಪ ಬಿದ್ದ ದಿನ ಹೆಬ್ಬೆಟ್ಟು ಒತ್ತಿದ್ದ ಹಾಜರಿ ಹಾಳೆ ಹುಡುಕಿ ಹರಿಯಲು ಹಿಡಿದ. ಬಿದ್ದಿದ್ದ ಪ್ರಿಂಟರನ್ನು ಆಗ ಎತ್ತಿದವಳು ನಾನು. ಅವನ ಮುಷ್ಟಿ ಬಿಚ್ಚುವವರೆಗೂ ಹೊಡೆದೆ. ಎಲ್ಲವನ್ನೂ ಎಣಿಸುವವಳು ಆ ಏಟುಗಳನ್ನು ಎಣಿಸಲಿಲ್ಲ. ಎಂಟು ದಿನ ಅದನ್ನು ನಿನ್ನ ತಲೆಯ ಮೇಲೆ ಬಿಟ್ಟೆ. ನಾಳೆ ಬೆಳಿಗ್ಗೆ ಠಾಣೆಗೆ ಹೋಗಿ ಹೇಳುತ್ತೇನೆ. ನೀನೂ ಬಂದು ನಿನ್ನ ಒಂದು ಏಟನ್ನು ಒಪ್ಪಿಕೊ, ಒಂದೇ ಒಂದನ್ನು. ಅವನನ್ನು ಕೊಂದವನು ನೀನಲ್ಲ.